ಮ್ಯೂಟ್ ಟೀವಿಗೊಂದು ವೀಕ್ಷಕ ವಿವರಣೆ

ನಮ್ಮ ಮನೆಯ ಟೀವಿ ರಿಮೋಟಿನಲ್ಲಿ ಒಂದೇ ಒಂದು ಗುಂಡಿ ಸವೆದು ನುಣ್ಣಗಾಗಿದೆ. ವಾಲ್ಯೂಮಿನದಲ್ಲ, ಚಾನೆಲಿನದಲ್ಲ, ಮ್ಯೂಟ್ ಗುಂಡಿ. ಅದರ ಮೇಲಿದ್ದ ಗುರುತು ಅಳಿಸಿಹೋಗಿ ಎಷ್ಟೋ ಕಾಲವಾಯಿತು. ಮೊನ್ನೆ ಸೋಫಾದ ಸಂದಿಯಲ್ಲಿ ಕೈಹಾಕಿ ರಿಮೋಟನ್ನು ಹೊರಗೆಳೆದ ನನ್ನ ಹೆಂಡತಿ ವಿಜಯಾ, “ರೀ, ಇದನ್ನ ಬಿಸಾಕಿ ಹೊಸದು ತಗೊಳ್ಳೋಣ. ಬಂದೋರ ಕೈಗೆ ಕೊಡೋಕೆ ನಾಚ್ಕೆ ಆಗುತ್ತೆ” ಎಂದಳು. ನಾನು ಬೇಡವೆಂದೆ. ಅವಳೂ ಹೆಚ್ಚು ಒತ್ತಾಯ ಮಾಡಲಿಲ್ಲ. ಆ ಗುಂಡಿಗೂ ನಮ್ಮ ಮಗಳು ಪಲ್ಲವಿಗೂ ಇರುವ ನಂಟು ಇಬ್ಬರಿಗೂ ಗೊತ್ತು. ಅದನ್ನು ನಿಮಗೆ ಹೇಳಬೇಕೆಂದರೆ ಬಾಸ್ಕೆಟ್‌ಬಾಲಿನಿಂದ ಶುರುಮಾಡಬೇಕು. ಬಾಸ್ಕೆಟ್‌ಬಾಲಿನಿಂದ ಶುರುಮಾಡಿದರೆ ಒಮ್ಮೆ ಮೈಸೂರಿಗೆ ಹೋಗಿಬರಬೇಕು. ಆತುರವಿದ್ದರೆ ಈಗಲೇ ಹೇಳಿಬಿಡಿ.

ದಾರಿ ತಪ್ಪಬಾರದೆಂದು ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಪಲ್ಲವಿಗೆ ಚಿಕ್ಕಂದಿನಿಂದ ಮಾತಿನಲ್ಲಿ ಉಗ್ಗು. ಅಂಥವಳು ಈ ಚಳಿಗಾಲದಲ್ಲಿ, ಆನ್ ಆರ್ಬರ್‌ನ ಯೂನಿವರ್ಸಿಟಿಯಲ್ಲಿ ಓದುತ್ತಿರುವಾಗಲೇ, ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಕಾಮೆಂಟರಿ ಹೇಳಲು ಮೈಕಿನ ಮುಂದೆ ಕೂತಳು. ಅದು ಪ್ರಸಾರವಾದ ದಿನ ನಮ್ಮ ಮನೆಯಲ್ಲಿ ಏನೆಲ್ಲ ಆಯಿತು ಎನ್ನುವುದೇ ಈ ಕತೆ.

ಟೀವಿ ಕಾಮೆಂಟರಿಯವರ ಜೊತೆ ಜಗಳವಾಡುವುದು ನನ್ನ ಹಳೆಯ ಚಾಳಿ. ಮೈಸೂರು ಬಿಟ್ಟು ಈ ದೇಶದ ಹಾಫ್‌ಮನ್ ಎಸ್ಟೇಟ್ಸ್ ಎನ್ನುವ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಹೊರಗೆ ಮೈನಸ್ ಫ್ಯಾರನ್‌ಹೀಟ್, ಒಳಗೆ ಪರಿಚಯದವರೆಂದರೆ ಟೀವಿಯೊಂದೇ. ಈ ದೇಶದ ಫುಟ್‌ಬಾಲ್ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದರಲ್ಲಿ ಕಾಲಿಗೇನು ಕೆಲಸವೆಂದೇ ತಿಳಿಯದು. ಬಾಸ್ಕೆಟ್‌ಬಾಲ್ ಮಾತ್ರ ಗುರುತಿನ ಆಟ. ಮೈಸೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಒಂದು ಸಿಮೆಂಟಿನ ಕೋರ್ಟ್ ಇತ್ತು. ನಾನು ಆಡಿದ್ದು ಕಡಿಮೆ, ಕಾಂಪೌಂಡಿನ ಮೇಲೆ ಕೂತು ನೋಡಿದ್ದು ಜಾಸ್ತಿ. ಎತ್ತರದಲ್ಲಿ ನಾನು ನನ್ನ ತಾಯಿಯ ಕಡೆಯವರನ್ನು ಹೋಲುತ್ತೇನೆ.

ಬೇಸಿಗೆ ರಜೆ ಬಂತೆಂದರೆ ಅಲ್ಲಿ ಸಂಜೆ ಟೂರ್ನಮೆಂಟು. ಕಂಬಗಳಿಗೆ ಬಲ್ಬು ಕಟ್ಟಿ, ಬಾಡಿಗೆ ಮೈಕು ತಂದು, ಅದರ ಮುಂದೆ ನಾಗರಾಜಯ್ಯನವರನ್ನು ಕೂರಿಸುತ್ತಿದ್ದರು. ಊರಿನವರ ಬಾಯಲ್ಲಿ ಅವರು ಮೈಕ್ ನಾಗರಾಜಯ್ಯ. ಆಟದ ನಿಯಮಗಳು ಅವರಿಗೆ ಅಷ್ಟಕ್ಕಷ್ಟೆ. ಆಡುವ ಹುಡುಗರು ಮಾತ್ರ ಪೂರ್ತಿ ಗೊತ್ತು. “ಚೆಂಡು ಈಗ ನಮ್ಮ ಟೈಪಿಂಗ್ ಶಾಲೆ ಸುಬ್ಬಣ್ಣನವರ ಎರಡನೇ ಮಗನ ಕೈಯಲ್ಲಿದೆ. ಪಿಯುಸಿಯಲ್ಲಿ ಲೆಕ್ಕ ಸ್ವಲ್ಪ ಕೈಕೊಟ್ಟಿದೆ, ಆದರೆ ಇಲ್ಲಿ ಅವನ ಲೆಕ್ಕ ತಪ್ಪುವುದಿಲ್ಲ. ಎಸೆದ... ಎಸೆದ... ಛೆ, ಇಲ್ಲೂ ತಪ್ಪಿತು. ಹಸಿರು ಸೈಕಲ್ ಯಾರದ್ದು, ದಯವಿಟ್ಟು ಬಂದು ತೆಗೆಯಿರಿ, ಸೋಡಾ ಗಾಡಿ ಒಳಗೆ ಬರಬೇಕಾಗಿದೆ.” ಸುಬ್ಬಣ್ಣನವರ ಎರಡನೇ ಮಗ ಆಮೇಲೆ ಒಂದು ವಾರ ಆ ಬೀದಿಯಲ್ಲಿ ತಲೆಯೆತ್ತಿ ಓಡಾಡಲಿಲ್ಲ. ಆದರೆ ಮುಂದಿನ ಪಂದ್ಯದಲ್ಲಿ ಅವನು ಬುಟ್ಟಿಗೆ ಹಾಕಿದಾಗ ಅತ್ಯಂತ ಜೋರಾಗಿ ಕೂಗಿದ್ದು ನಾಗರಾಜಯ್ಯನವರೇ. ಮೈಕು ಕುಂಯ್ ಎಂದಿತು, ಅವರು ಅದಕ್ಕೂ ಜೋರಾಗಿ ಕೂಗಿದರು.

ಇಲ್ಲಿನ ಕಾಲೇಜು ಬಾಸ್ಕೆಟ್‌ಬಾಲ್ ನೋಡುವಾಗ ನಾನು ಹುಡುಕುವುದು ಇಂಥವರನ್ನೇ. ದೊಡ್ಡ ವೃತ್ತಿ ಆಟಗಾರರ ಪಂದ್ಯಕ್ಕೆ ಕಾಮೆಂಟರಿ ಹೇಳುವುದು ಸುಲಭ, ಅವರ ಮುಖ ನಮ್ಮ ಓಟ್ಸ್ ಡಬ್ಬದ ಮೇಲೂ ಇರುತ್ತದೆ. ಕಾಲೇಜಿನವರು ಹಾಗಲ್ಲ. ವರ್ಷಕ್ಕೊಂದಷ್ಟು ಮಕ್ಕಳು ಬರುತ್ತಾರೆ, ಒಂದಷ್ಟು ಮಕ್ಕಳು ಹೋಗುತ್ತಾರೆ. ಯಾರೋ ಹತ್ತೊಂಬತ್ತರ ಹುಡುಗ, ಸೋಮವಾರ ಕೆಮಿಸ್ಟ್ರಿ ಪರೀಕ್ಷೆ, ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ. ಅವನು ಕೊನೇ ಗಳಿಗೆಯಲ್ಲಿ, ಗೆರೆಯ ಮೇಲೆ ಒಬ್ಬನೇ ನಿಂತು ಎಸೆಯುವ ಫ್ರೀ ಥ್ರೋದಲ್ಲಿ ಗುರಿ ತಪ್ಪಿದರೆ ದೇಶದ್ರೋಹ ಮಾಡಿದವನಂತೆ ಅವನನ್ನು ಬೈಯುವ ಕಾಮೆಂಟೇಟರನ್ನು ನಾನು ತಕ್ಷಣ ಮ್ಯೂಟ್ ಮಾಡುತ್ತೇನೆ. ಮೈದಾನದಲ್ಲಿರುವುದು ಯಾರದೋ ಮನೆಯ ಮಗು ಎನ್ನುವುದು ಧ್ವನಿಯಲ್ಲಿ ಕೇಳಿಸಬೇಕು. ನನ್ನ ಪ್ರಕಾರ ಅದು ಮೊದಲ ಅರ್ಹತೆ.

ಎರಡನೆಯದು ಬಾಯಿ ಮುಚ್ಚುವ ಕಲೆ. ರೇಡಿಯೋದವನು ಪಾಪ, ಹೇಳದಿದ್ದರೆ ನಮಗೆ ಕಾಣುವುದೇ ಇಲ್ಲ. ಟೀವಿಯವನಿಗೆ ಏನು ಬಂದಿದೆ? “ಚೆಂಡು ಒಳಗೆ ಹೋಯಿತು” ಎಂದು ಕಣ್ಣಿದ್ದವರಿಗೆ ಹೇಳುವುದೇಕೆ? ನಾನು ಚೆಂಡನ್ನೇ ನೋಡುತ್ತಾ ಮೋಸಹೋದಾಗ, ಆಚೆ ಮೂಲೆಯಲ್ಲಿ ಒಬ್ಬಳು ಎದುರಾಳಿಗೆ ಅಡ್ಡ ನಿಂತು ತನ್ನ ಜೊತೆಯವಳಿಗೆ ದಾರಿ ಮಾಡಿಕೊಟ್ಟಳಲ್ಲ, ಅದನ್ನು ತೋರಿಸಪ್ಪಾ. ನಮ್ಮ ಬಡಾವಣೆಯಲ್ಲೇ ಇರುವ ಹುಬ್ಬಳ್ಳಿಯ ಗೆಳೆಯ ಬಸವರಾಜನದೂ ಇದೇ ತಕರಾರು. ಶನಿವಾರ ಮಧ್ಯಾಹ್ನ ಬಂದು ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತನೆಂದರೆ, “ಏನ್ ಮಂದಿ ಇದಾರ್ರೀ ಇವ್ರು! ಬಾಯಿ ಅಂಬೋದು ಬಂದ ಆಗೂದ ಇಲ್ಲಲ್ರೀ. ನೀರ್ ಕುಡೀಲಿಕ್ಕರ ಬಿಡ್ರೋ ಅದಕ್ಕ!” ಎನ್ನುತ್ತಾನೆ. ಹೀಗೆ ಅವನು ಎಡೆಬಿಡದೆ ಹೇಳುತ್ತಿರುವುದರಿಂದ ನಮಗೆ ಟೀವಿ ಕೇಳಿಸುವುದಿಲ್ಲ.

ಈ ಕೆಲಸಕ್ಕೆ ಸಾಮಾನ್ಯವಾಗಿ ಇಬ್ಬರು ಕೂರುತ್ತಾರೆ. ಒಬ್ಬರು ಏನಾಯಿತು ಎನ್ನುವುದನ್ನು ಹೇಳಬೇಕು, ಇನ್ನೊಬ್ಬರು, ಹೆಚ್ಚಾಗಿ ಹಳೆಯ ಕೋಚು, ಅದು ಯಾಕಾಯಿತು ಎಂದು ಹೇಳಬೇಕು. ಇದು ನಮ್ಮ ಮನೆಯಲ್ಲಿ ಮೊದಲಿಂದಲೂ ಇರುವ ಏರ್ಪಾಟು. ಹಾಲು ಉಕ್ಕಿತು ಎಂದು ನಾನು ಹೇಳುತ್ತೇನೆ. ಯಾಕೆ ಉಕ್ಕಿತು, ಆಗ ನಾನು ಎಲ್ಲಿದ್ದೆ, ಕೈಯಲ್ಲಿ ಏನಿತ್ತು, ಇದಕ್ಕೂ ಮೊದಲು ಎಷ್ಟು ಸಲ ಹೀಗಾಗಿದೆ ಎನ್ನುವುದನ್ನು ವಿಜಯಾ ವಿವರಿಸುತ್ತಾಳೆ. ರೀಪ್ಲೇ ಕೂಡ ಇದೆ.

ಪಲ್ಲವಿಯ ಉಗ್ಗು ನಮಗೆ ತಿಳಿದದ್ದು ಅವಳು ನರ್ಸರಿಯಲ್ಲಿದ್ದಾಗ. ಮಾತಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದಳು. ಕನ್ನಡದಲ್ಲೂ ಅಷ್ಟೇ, ಇಂಗ್ಲಿಷಿನಲ್ಲೂ ಅಷ್ಟೇ. ಸುದ್ದಿ ಹಬ್ಬಿದ್ದೇ ತಡ, ಕನ್ನಡ ಕೂಟದ ಆಂಟಿಯರೆಲ್ಲ ವೈದ್ಯರಾದರು. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸಿ ಎಂದರು. ನನ್ನ ಅತ್ತೆ ಮೈಸೂರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಬಜೆಯನ್ನೂ, ತೇಯಲು ಒಂದು ಸಾಣೆಕಲ್ಲನ್ನೂ ಕಳಿಸಿದರು. ವಿಜಯಾ ದಿನಾ ಬೆಳಿಗ್ಗೆ ತೇಯ್ದಳು. ಆ ಕಹಿಗೆ ಮಗು ಮುಖ ಕಿವಿಚಿ ನನ್ನ ಹಿಂದೆ ಬಚ್ಚಿಟ್ಟುಕೊಳ್ಳುವುದು, ನಾನು ಅವಳ ಪಾಲಿನ ಬಜೆಯನ್ನು ಗುಟ್ಟಾಗಿ ನೆಕ್ಕುವುದು, ಹೀಗೆ ಕೆಲಕಾಲ ನಡೆಯಿತು. ನನ್ನ ಮಾತು ಬಹಳ ಸ್ಪಷ್ಟವಾಗಿದೆಯೆಂದು ಈಗಲೂ ಎಲ್ಲರೂ ಹೇಳುತ್ತಾರೆ.

ಶಾಲೆಯಲ್ಲಿ ಮಾತಿನ ತರಬೇತಿ ಕೊಡುವ ಒಬ್ಬ ಟೀಚರ್ ಇದ್ದರು. ಒಂದು ದಿನ ಆಕೆ ನಮ್ಮಿಬ್ಬರನ್ನೂ ಕರೆಸಿ ಕೂರಿಸಿಕೊಂಡು, ಮಗುವಿಗಿಂತ ನಮಗೇ ಹೆಚ್ಚು ಪಾಠ ಹೇಳಿದರು. ಅವಳು ಸಿಕ್ಕಿಕೊಂಡಾಗ ಆ ಮಾತನ್ನು ನೀವು ಮುಗಿಸಿಕೊಡಬೇಡಿ. ನಿಧಾನ, ಉಸಿರೆಳೆದುಕೋ ಎಂದೆಲ್ಲ ಹೇಳಬೇಡಿ. ಮುಖ ನೋಡುತ್ತಾ ಸುಮ್ಮನೆ ಕಾಯಿರಿ. ಕೇಳಲು ಎಷ್ಟು ಸುಲಭ! ನಮ್ಮ ಕಡೆಯ ಮನೆಗಳಲ್ಲಿ ಇನ್ನೊಬ್ಬರ ವಾಕ್ಯವನ್ನು ಮುಗಿಸಿಕೊಡುವುದು ಪ್ರೀತಿಯ ಲಕ್ಷಣ. ನಾಲ್ಕು ಜನ ಸೇರಿದರೆ ಐದು ಜನ ಮಾತಾಡುತ್ತೇವೆ. ಊಟದ ಮೇಜಿನ ಮುಂದೆ ಕಾಯುವುದನ್ನು ಕಲಿಯಲು ನಮಗೆ ವರ್ಷಗಳೇ ಹಿಡಿದವು. ವಿಜಯಾ ತುಟಿ ಕಚ್ಚಿಕೊಂಡು ಕಾದಳು. ನಾನು ಬಾಯಿ ತುಂಬ ಅನ್ನ ತುಂಬಿಕೊಂಡು ಕಾದೆ.

ಇನ್ನು ಮ್ಯೂಟ್ ಗುಂಡಿ. ಪಲ್ಲವಿ ಆಗ ಎಲಿಮೆಂಟರಿ ಶಾಲೆಯಲ್ಲಿದ್ದಳು. ಒಂದು ಮಧ್ಯಾಹ್ನ ನಾನು ಆಫೀಸಿನ ಕಾಲ್‌ನಲ್ಲಿದ್ದೆ, ಎದುರಿಗೆ ಕಾಲೇಜು ಹುಡುಗಿಯರ ಪಂದ್ಯ ಬರುತ್ತಿತ್ತು. ಶಬ್ದ ಬೇಡವೆಂದು ಮ್ಯೂಟ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕಾಮೆಂಟರಿ ಕೇಳಿಸತೊಡಗಿತು. ಗುಂಡಿ ಸರಿಯಾಗಿ ಒತ್ತಲಿಲ್ಲವೇನೋ ಎಂದು ತಿರುಗಿ ನೋಡಿದರೆ, ಕಾರ್ಪೆಟ್ಟಿನ ಮೇಲೆ ಹೊಟ್ಟೆಯಡಿ ದಿಂಬಿಟ್ಟು ಮಲಗಿದ್ದ ನನ್ನ ಮಗಳು ಹೇಳುತ್ತಿದ್ದಾಳೆ. ಥೇಟ್ ಟೀವಿಯವರ ಧಾಟಿ, ಅವರದೇ ಏರಿಳಿತ. ಒಬ್ಬಳಿಂದ ಇನ್ನೊಬ್ಬಳಿಗೆ ಚೆಂಡು ಹೋದಂತೆ ಇವಳ ಮಾತೂ ಹೋಗುತ್ತಿದೆ, ಎಲ್ಲೂ ಸಿಕ್ಕಿಕೊಳ್ಳುತ್ತಿಲ್ಲ. ನಾನು ಫೋನಿನಲ್ಲಿ ಏನು ಹೇಳುತ್ತಿದ್ದೆನೋ ಮರೆತೆ. “ಟಿಮ್, ಆರ್ ಯು ದೇರ್?” ಎಂದು ಆ ಕಡೆಯಿಂದ ಕೇಳುತ್ತಲೇ ಇದ್ದರು. ನನಗೆ ಅಳು ಬಂದಿತ್ತು, ಫೋನನ್ನೂ ಮ್ಯೂಟ್ ಮಾಡಿದೆ.

ಟಿಮ್ ಎಂದರೆ ನಾನೇ. ನನ್ನ ಹೆಸರು ತ್ರ್ಯಂಬಕ. ಮೈಸೂರಿನಲ್ಲೇ ದಿನಸಿ ಅಂಗಡಿಯವರು ಅದನ್ನು ತಿರಿಯಂಬಕ ಮಾಡಿದ್ದರು. ಇಲ್ಲಿ ಪಕ್ಕದ ಊರಾದ ಡೆಸ್ ಪ್ಲೇನ್ಸ್‌ನ ನನ್ನ ಆಫೀಸಿನವರು ಒಂದು ವಾರ ಕಷ್ಟಪಟ್ಟು ಕೈಬಿಟ್ಟರು. ಬಸವರಾಜನನ್ನು ಅವನ ಆಫೀಸಿನಲ್ಲಿ ಬಾಬ್ ಎನ್ನುತ್ತಾರೆ. ಹೀಗೆ ವಾರವಿಡೀ ಟಿಮ್ಮೂ ಬಾಬೂ ಆಗಿದ್ದವರು ಶನಿವಾರ ನಮ್ಮ ಸೋಫಾಕ್ಕೆ ಬಂದಮೇಲೆ ಮನುಷ್ಯರಾಗುತ್ತೇವೆ.

ಅಂದಿನಿಂದ ನಮ್ಮ ಮನೆಯಲ್ಲಿ ಬಾಸ್ಕೆಟ್‌ಬಾಲ್ ಎಂದರೆ ಮ್ಯೂಟ್ ಮಾಡಿದ ಟೀವಿ, ಪಕ್ಕದಲ್ಲಿ ಪಲ್ಲವಿ. ಇದು ಗೊತ್ತಿಲ್ಲದ ಬಸವರಾಜ ಒಂದು ಶನಿವಾರ ಅವಳು ಮೇಲಿನ ಕೋಣೆಯಲ್ಲಿದ್ದಾಗ ಬಂದ. ಮೂಕ ಟೀವಿಯನ್ನೂ, ಅದರ ಮುಂದೆ ಗಂಭೀರವಾಗಿ ಕೂತ ನನ್ನನ್ನೂ ನೋಡಿದ, ಬಂದ ಹಾಗೇ ಹೊರಟುಹೋದ. ಸ್ವಲ್ಪ ಹೊತ್ತಿಗೆ ತನ್ನ ಮನೆಯ ಸ್ಪೀಕರನ್ನು ವೈರುಗಳ ಸಮೇತ ಎತ್ತಿಕೊಂಡು ಹಿಮದಲ್ಲಿ ನಡೆದು ಬಂದ. “ಟೀವಿ ಕೆಟ್ಟೇತಂತ ಹೇಳ್ಬಾರ್ದೇನ್ರೀ? ನಮ್ಮೊಳಗ ಎಂಥಾ ಸಂಕೋಚ!” ನಡೆದದ್ದನ್ನು ಹೇಳಿದೆ. ಅವನು ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡೇ, ಕೆಳಗಿಳಿದು ಬಂದ ಪಲ್ಲವಿಯ ಕಾಮೆಂಟರಿಯನ್ನು ಕೊನೆಯವರೆಗೆ ಕೇಳಿದ. ಆ ದಿನ ಅವನ ಬಾಯಿಂದ ಒಂದು ತಕರಾರೂ ಬರಲಿಲ್ಲ.

ಆದರೆ ಟೀವಿಯ ಮುಂದಿನಿಂದ ಎದ್ದ ಕೂಡಲೇ ಉಗ್ಗು ಕಾದು ಕೂತಿರುತ್ತಿತ್ತು. ಬೇರೊಬ್ಬರ ಧಾಟಿ ಹಿಡಿದಾಗ ಮಾತು ಹರಿಯುವುದು ಹಲವರಲ್ಲಿ ಉಂಟು, ತನ್ನದೇ ಮಾತಾಡುವಾಗ ಮತ್ತೆ ಸಿಕ್ಕಿಕೊಳ್ಳುತ್ತದೆ ಎಂದು ಆ ಟೀಚರ್ ಹೇಳಿದ್ದರು. ಎಲ್ಲಕ್ಕಿಂತ ಕಷ್ಟದ ಮಾತು ಯಾವುದೆಂದು ಮಾತ್ರ ನಮಗೆ ತಿಳಿದಿರಲಿಲ್ಲ. ಪಲ್ಲವಿ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕಾಫಿ ಅಂಗಡಿಯಲ್ಲಿ, ಕಪ್ಪಿನ ಮೇಲೆ ಬರೆಯಲು ಹೆಸರು ಕೇಳಿದರೆ “ಸಾರಾ” ಎಂದಳು. ವಿಜಯಾಗೆ ಎದೆ ಚುಚ್ಚಿದಂತಾಯಿತು. ನಾವೆಲ್ಲ ಇಲ್ಲಿನವರ ನಾಲಿಗೆಗೆ ಕರುಣೆ ತೋರಿಸಿ ಟಿಮ್ಮು ಬಾಬು ಆಗುತ್ತೇವೆ ನಿಜ, ಆದರೆ ಇಲ್ಲೇ ಹುಟ್ಟಿದ ಮಗಳಿಗೆ ಪಲ್ಲವಿ ಎನ್ನುವ ಹೆಸರು ನಾಚಿಕೆಯಾಯಿತೇ? ಕಾರಿಗೆ ಬಂದು ಕೂತ ಮೇಲೆ ಕೇಳಿಯೇಬಿಟ್ಟಳು.

“ಯಾಕೆ ಪುಟ್ಟಿ, ನಿನ್ನ ಹೆಸರು ಚೆನ್ನಾಗಿಲ್ವಾ?”

“ಅಮ್ಮಾ, ಐ ಲವ್ ಮೈ ನೇಮ್” ಎಂದಳು ಹಿಂದಿನ ಸೀಟಿನಿಂದ. “ಹೇಳಕ್ಕೆ ಬರಲ್ಲ, ಅಷ್ಟೆ. ಬೇರೆ ಯಾವ್ದು ಸ್ಟಕ್ ಆದ್ರೂ ಇನ್ನೊಂದ್ ವರ್ಡ್ ಹಾಕ್ತೀನಿ. ನೇಮ್‌ಗೆ ಇನ್ನೊಂದ್ ವರ್ಡ್ ಇಲ್ಲ.”

ಮನೆಗೆ ಬಂದವಳೇ ವಿಜಯಾ ಮಗಳ ತಲೆಗೆ ಎಣ್ಣೆ ಹಚ್ಚಲು ಕೂತಳು. ಅದು ಎಣ್ಣೆ ಹಚ್ಚುವ ವಾರವೂ ಅಲ್ಲ, ಹಬ್ಬವೂ ಅಲ್ಲ. ಪಲ್ಲವಿ ಯಾಕೆಂದು ಕೇಳದೆ ತಲೆಯೊಡ್ಡಿ ಕೂತಳು.

ಆನ್ ಆರ್ಬರ್‌ಗೆ ಹೋದಮೇಲೆ ಅವಳು ವಿದ್ಯಾರ್ಥಿಗಳೇ ನಡೆಸುವ ಕ್ರೀಡಾ ಪ್ರಸಾರಕ್ಕೆ ಸೇರಿಕೊಂಡಳು. ಮೊದಮೊದಲು ಕೇಬಲ್ ಸುತ್ತುವುದು, ಅಂಕಗಳನ್ನು ಟೈಪ್ ಮಾಡುವುದು. ಈ ಚಳಿಗಾಲದಲ್ಲಿ ಒಂದು ಗುರುವಾರ ಫೋನ್ ಮಾಡಿ, ಶನಿವಾರ ಮಧ್ಯಾಹ್ನ ಹುಡುಗಿಯರ ಪಂದ್ಯಕ್ಕೆ ಪ್ಲೇ-ಬೈ-ಪ್ಲೇ ತನ್ನದೇ ಎಂದಳು. ಏನಾಯಿತು ಎನ್ನುವುದನ್ನು ಹೇಳುವ ಕುರ್ಚಿ ಅದು. ನಾನು ಆಗಲೇ ಮನಸ್ಸಿನಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸಿಯಾಗಿತ್ತು.

“ಬರ್ಬೇಡ ಅಪ್ಪಾ, ಪ್ಲೀಸ್. ನೀನು ಬಂದ್ರೆ ನಾನು ಗೇಮ್ ಬಿಟ್ಟು ನಿನ್ನ ಮುಖಾನೇ ನೋಡ್ತೀನಿ. ಆ್ಯಂಡ್ ನೋ ಫೀಡ್‌ಬ್ಯಾಕ್.”

“ನಾನ್ಯಾವತ್ತು ಫೀಡ್‌ಬ್ಯಾಕ್ ಕೊಟ್ಟಿದೀನಿ?”

ಅಮ್ಮ ಮಗಳು ಇಬ್ಬರೂ ನಕ್ಕರು. ವಿಜಯಾ ನಗು ನಿಲ್ಲಿಸಿ, ತಡೆಯಲಾರದೆ ಕೇಳಿದಳು: “ಶುರುವಿನಲ್ಲಿ ಅವರವರ ಹೆಸರು ಹೇಳ್ಬೇಕಲ್ವೇನೇ?” ಜೊತೆಗೆ ಕೂರುವ ಜೋಯಲ್ ಎನ್ನುವ ಹುಡುಗ ಶುರುವಿನಲ್ಲೂ ಕೊನೆಯಲ್ಲೂ ಇಬ್ಬರ ಹೆಸರನ್ನೂ ತಾನೇ ಹೇಳುವುದಾಗಿ ಒಪ್ಪಿದ್ದಾನೆ ಎಂದಳು ಪಲ್ಲವಿ. ನಮಗೆ ಎಷ್ಟು ಹಗುರವಾಯಿತೆಂದರೆ, ಆ ಕಾಣದ ಜೋಯಲ್‌ಗೆ ವಿಜಯಾ ಮನೆಯಿಂದಲೇ ಚಕ್ಕುಲಿ ಕಳಿಸುವ ಯೋಚನೆ ಮಾಡಿದಳು.

ಶನಿವಾರ ಬೆಳಿಗ್ಗೆಯಿಂದ ಹಿಮ. ಬಸವರಾಜ ಮಂಡಕ್ಕಿ ಗಿರಮಿಟ್ಟಿನ ಪಾತ್ರೆ ಹಿಡಿದು ಬಂದ, ಯಾರೂ ಅದನ್ನು ಮುಟ್ಟಲಿಲ್ಲ. ಟೀವಿಯಲ್ಲಿ ಆ್ಯಪ್ ತೆರೆದು ಕೂತೆವು. ಜೋಯಲ್ ಒಪ್ಪಿದ ಹಾಗೆ ಇಬ್ಬರ ಹೆಸರನ್ನೂ ಹೇಳಿದ, ನಮ್ಮ ಹುಡುಗಿಯ ಹೆಸರನ್ನು ಒಂದಿಷ್ಟು ಜಜ್ಜಿದ, ಇರಲಿ. ಚೆಂಡು ಮೇಲೆದ್ದಿತು. ಪಲ್ಲವಿಯ ಧ್ವನಿ ಬಂತು.

ಅದು ಕಾರ್ಪೆಟ್ಟಿನ ಮೇಲೆ ಕೇಳಿದ ಧ್ವನಿಯಲ್ಲ. ಯಾರ ಧಾಟಿಯೂ ಅಲ್ಲ. ಸ್ವಲ್ಪ ತಗ್ಗಿದ, ಅವಸರವಿಲ್ಲದ, ಊಟದ ಮೇಜಿನಲ್ಲಿ ನಾವು ಕಾದು ಕೇಳುತ್ತಿದ್ದ ಅವಳದೇ ಧ್ವನಿ. ಹಾಗಾಗಿ ಅದರಲ್ಲಿ ಉಗ್ಗೂ ಇತ್ತು. ಅಲ್ಲೊಮ್ಮೆ ಇಲ್ಲೊಮ್ಮೆ ಮಾತು ಸಿಕ್ಕಿಕೊಂಡಾಗ ವಿಜಯಾ ನನ್ನ ಮೊಣಕೈ ಹಿಡಿಯುತ್ತಿದ್ದಳು, ಬಿಡಿಸಿಕೊಂಡಾಗ ಬಿಡುತ್ತಿದ್ದಳು. ಎರಡೂ ತಂಡಗಳಲ್ಲಿ ಎಲ್ಲೆಲ್ಲಿಯದೋ ಹೆಸರಿನ ಹುಡುಗಿಯರಿದ್ದರು, ನೈಜೀರಿಯಾ, ಪೋಲೆಂಡ್ ಮೂಲದವರು. ಒಂದು ಹೆಸರನ್ನೂ ಪಲ್ಲವಿ ಜಜ್ಜಲಿಲ್ಲ. ಹಿಂದಿನ ದಿನ ಪ್ರಾಕ್ಟೀಸಿಗೆ ಹೋಗಿ ಪ್ರತಿಯೊಬ್ಬರನ್ನೂ ಅವರ ಹೆಸರು ಹೇಳುವುದು ಹೇಗೆಂದು ಕೇಳಿದ್ದಳಂತೆ. ಕೊನೆಯಲ್ಲಿ ಒಬ್ಬ ಚಿಕ್ಕ ಹುಡುಗಿ, ಮೊದಲ ವರ್ಷದವಳು, ಗೆಲ್ಲಿಸಬೇಕಾಗಿದ್ದ ಎರಡೂ ಫ್ರೀ ಥ್ರೋಗಳಲ್ಲಿ ಗುರಿ ತಪ್ಪಿದಳು. ಕ್ಯಾಮೆರಾ ಅವಳ ಮುಖಕ್ಕೇ ಹೋಯಿತು. ಪಲ್ಲವಿ ಇಷ್ಟೇ ಹೇಳಿದಳು: ಇವಳು ಮತ್ತೆ ಈ ಗೆರೆಗೆ ಬರುತ್ತಾಳೆ, ಆ ದಿನ ನಾನೂ ಇಲ್ಲಿರಬೇಕೆಂದು ಆಸೆ.

“ಚೊಲೋ ಹೇಳಿದ್ಳು ನೋಡ್ರೀ ನಮ್ ಹುಡುಗಿ!” ಎಂದು ಬಸವರಾಜ ತೊಡೆ ತಟ್ಟಿದ.

ಪಂದ್ಯ ಮುಗಿಯಿತು. ತೆರೆಯ ಮೇಲೆ ಹೆಡ್‌ಸೆಟ್ ಹಾಕಿಕೊಂಡ ಇಬ್ಬರೂ ಕಾಣಿಸಿದರು. ಜೋಯಲ್ ವಿದಾಯದ ಮಾತು ಹೇಳಿ, “ಐಯಾಮ್ ಜೋಯಲ್” ಎಂದು ತನ್ನ ಹೆಸರು ಮುಗಿಸಿ, ಅವಳ ಕಡೆ ತಿರುಗಿ ಸುಮ್ಮನಾದ. ಮರೆತನೇ? ನಾನು ಸೋಫಾದ ತುದಿಗೆ ಬಂದೆ. ಪಲ್ಲವಿ ಗಾಬರಿಯಿಂದ ಅವನ ಕಡೆ ತಿರುಗಲಿಲ್ಲ. ಕ್ಯಾಮೆರಾವನ್ನೇ ನೋಡಿದಳು. ಆಗ ತಿಳಿಯಿತು, ಇದು ಅವನ ಮರೆವಲ್ಲ, ಅವಳೇ ಕೇಳಿ ಪಡೆದದ್ದು.

“ಆ್ಯಂಡ್ ಐಯಾಮ್...” ತುಟಿಗಳು ಕೂಡಿಕೊಂಡವು. ತೆರೆಯಲಿಲ್ಲ.

ಪ ಅಕ್ಷರ ಅಲ್ಲೇ ನಿಂತಿತ್ತು. ಕತ್ತಿನ ನರ ಬಿಗಿದದ್ದು ಕಂಡಿತು. ಹಿಂದೆ ಯಾರೋ ಕುರ್ಚಿ ಮಡಚುತ್ತಿದ್ದ ಸದ್ದು. ಟೀವಿಯಲ್ಲಿ ಅಷ್ಟು ಹೊತ್ತು ಯಾರೂ ಸುಮ್ಮನಿರುವುದಿಲ್ಲ. ಬಾಯಿ ಮುಚ್ಚಿಕೊಳ್ಳಿ ಎಂದು ಜನ್ಮವಿಡೀ ಕಾಮೆಂಟರಿಯವರಿಗೆ ಬೈದ ನಾನು, ಏನಾದರೂ ಹೇಳಮ್ಮಾ, ಸಾರಾ ಎಂದಾದರೂ ಹೇಳು ಎಂದು ಒಳಗೊಳಗೇ ಬೇಡುತ್ತಿದ್ದೆ. ಅವಳು ಕಣ್ಣು ಕೆಳಗಿಳಿಸಲಿಲ್ಲ. ಪಕ್ಕದ ಹುಡುಗ ಅವಳ ಮುಖ ನೋಡುತ್ತಾ ಕಾದ. ದೊಡ್ಡ ಮನಸ್ಸಿನ ಹುಡುಗ ಅವನು.

“...ಪ್ಪಲ್ಲವಿ ತ್ರ್ಯಂಬಕ” ಎಂದಳು.

ಮೈಸೂರು ಕಡೆಯ ನಮಗೆ ಮನೆತನದ ಹೆಸರೆಂಬುದಿಲ್ಲ, ಪಾಸ್‌ಪೋರ್ಟಿಗಾಗಿ ಅವಳ ಹೆಸರಿನ ಹಿಂದೆ ನನ್ನದನ್ನು ಅಂಟಿಸಿದ್ದೆವು. ಅದನ್ನು ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವಳು ಬಿಡಲಿಲ್ಲ. ಮೂರು ವ್ಯಂಜನ ಒಂದರ ಮೇಲೊಂದು ಕೂತ ಆ ಅಕ್ಷರವನ್ನು ಎಲ್ಲೂ ಮುರಿಯದೆ, ನನ್ನ ಅಮ್ಮ ಹಿತ್ತಿಲಿನಿಂದ ಕೂಗಿ ಕರೆಯುತ್ತಿದ್ದ ಹಾಗೆ, ಅಷ್ಟೇ ಸರಿಯಾಗಿ ಹೇಳಿ ಮುಗಿಸಿದಳು.

ಬಸವರಾಜ ಗಿರಮಿಟ್ಟಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದ. ವಿಜಯಾ ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳಿನಲ್ಲೇ ಮುಖ ಒರೆಸಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ನನ್ನ ಫೋನ್ ಹೊಡೆದುಕೊಂಡಿತು.

“ಅಪ್ಪಾ? ಓಕೆ, ಈಗ ಫೀಡ್‌ಬ್ಯಾಕ್ ಕೊಡು.”

ಹೇಳಬೇಕಾದದ್ದು ಬೇಕಾದಷ್ಟಿತ್ತು. ಹೆಸರುಗಳ ಬಗ್ಗೆ, ಆ ಚಿಕ್ಕ ಹುಡುಗಿಯ ಬಗ್ಗೆ ಆಡಿದ ಮಾತಿನ ಬಗ್ಗೆ. ಬಾಯಿ ತೆರೆದೆ. ಮೊದಲ ಅಕ್ಷರವೇ ಹೊರಡಲಿಲ್ಲ. ಬರೀ ಉಸಿರು ಬಂತು. ಆ ಕಡೆಯಿಂದ ಅವಳು ಹಲೋ ಹಲೋ ಎನ್ನಲಿಲ್ಲ. ಏನಾಯಿತೆಂದು ಕೇಳಲಿಲ್ಲ, ನನ್ನ ಮಾತನ್ನು ಮುಗಿಸಿಕೊಡಲೂ ಹೋಗಲಿಲ್ಲ.

ಬಹಳ ಹೊತ್ತಾದ ಮೇಲೆ ಮೆಲ್ಲಗೆ, ಕನ್ನಡದಲ್ಲೇ ಅಂದಳು: “ಇಲ್ಲೇ ಇದೀನಿ, ಅಪ್ಪಾ.”